ನಗಿಸಿದ ಮುಖಗಳು

ಆ ಫೋಟೋ ಸ್ಟುಡಿಯೋದವನು ಕ್ಯಾಮೆರಾ ಹಿಡಿದ ಮೇಲೆ ಯಾರ ಮೋರೆಯನ್ನೂ ಸೊಟ್ಟಗಿರಲು ಬಿಟ್ಟವನಲ್ಲ. ‘ಸ್ವಲ್ಪ ನಗಿ’ ಎಂದು ನಗಿಸಿಯೇ ಹೊಟ್ಟೆ ಹೊರೆದವನು. ಆಟಿಸಂ ಇರುವ ಹದಿಹರೆಯದ ಮಗಳಿಗೆ ಮುಖ ನೋಡಿ ಮನಸ್ಸು ತಿಳಿಯುವುದನ್ನು ಕಲಿಸಲು, ತಾನೇ ತೆಗೆದ ಫೋಟೋಗಳನ್ನು ದಿನಾ ಅವಳ ಮುಂದೆ ಹರಡುತ್ತಿದ್ದ.

ಆ ದಿನ ಅವನ ಅಕ್ಕನೂ ಬಂದಿದ್ದಳು. ಬಾಯ್ತುಂಬ ನಗುತ್ತಿದ್ದ ಮದುಮಗಳೊಬ್ಬಳ ಫೋಟೋ ನೋಡಿ ಮಗಳು, “ಭಯ” ಎಂದಳು.

“ಕಣ್ಣು ಎಲ್ಲಿಟ್ಟಿದೀಯೇ? ಸಂತೋಷ ಅದು, ಸಂತೋಷ!” ಎಂದು ರೇಗಿದ ಅವನು ಅಕ್ಕನ ಕಡೆ ತಿರುಗಿ, “ನಾನು ಸತ್ರೂ ಇವಳ ಮನಸ್ಸಿಗೆ ಏನೂ ತಟ್ಟಲ್ಲ ಬಿಡು” ಎಂದ.

“ಬೆರಳು ನೋಡು,” ಎಂದಳು ಮಗಳು.

ಮದುಮಗಳ ಬೆರಳುಗಳು ಹೂಗುಚ್ಛವನ್ನು ಹಿಚುಕಿ ಹಿಡಿದಿದ್ದವು. ಅವನಿಗೆ ಎಲ್ಲ ನೆನಪಾಯಿತು. ಅತ್ತು ಊದಿದ ಆ ಕಣ್ಣುಗಳ ಸುತ್ತ ಪೌಡರ್ ಬಳಿಸಿ, “ನಗಮ್ಮಾ, ಹೊರಗೆ ಜನ ಕಾಯ್ತಿದಾರೆ” ಎಂದು ಗದರಿದ್ದು ತಾನೇ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅಕ್ಕ ನೋಡುತ್ತಿದ್ದಾಳಲ್ಲ ಎಂದು ಹೇಗೋ ನಕ್ಕ.

ಮಗಳು ಅವನ ಮುಖ ನೋಡಲಿಲ್ಲ. ಮೇಜಿನ ಅಂಚನ್ನು ಕೆರೆಯುತ್ತಿದ್ದ ಅವನ ಉಗುರನ್ನೇ ನೋಡುತ್ತಿದ್ದಳು.

“ಅಪ್ಪಾ, ಈಗ ನೀನೂ ನಗ್ತಿದೀಯ,” ಎಂದಳು. “ಸಂತೋಷ ಅನ್ಲಾ, ನಿಜ ಹೇಳ್ಲಾ?”