ಕೇಬಲಣ್ಣ ಮತ್ತು ಆರೂವರೆಯ ಇಂಟರ್ನೆಟ್

ಕೇಬಲಣ್ಣನ ಮೇಲ್ಸಾಲಿನ ಮುಂದಿನ ಹಲ್ಲೊಂದರ ಅಂಚು ಅರ್ಧಚಂದ್ರದಂತೆ ಸವೆದಿತ್ತು. ವರ್ಷಗಟ್ಟಲೆ ಕೇಬಲ್ ವೈರಿನ ಕಪ್ಪು ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು ಆದ ಗುರುತು ಅದು. ಶರ್ಟಿನ ಜೇಬಿನಲ್ಲಿ ಕಟರ್ ಸದಾ ಇರುತ್ತಿತ್ತು. ಆದರೆ ಕಂಬದ ಮೇಲೆ ಒಂದು ಕೈ ಹಿಡಿತಕ್ಕೆ ಬೇಕು, ಒಂದು ವೈರಿಗೆ ಬೇಕು. "ಕಟರ್ ತೆಗ್ಯಾಕೆ ಮೂರ್ನೇ ಕೈ ಎಲ್ಲಿಂದ ತರ್ಲಿ ಸಾ?" ಎಂದು ನಗುತ್ತಿದ್ದರು. ನಕ್ಕಾಗ ಆ ಕಚ್ಚಿನಲ್ಲಿ ವೈರು ಸರಿಯಾಗಿ ಕೂರುವಷ್ಟು ಜಾಗ ಕಾಣುತ್ತಿತ್ತು.

ಕುದೂರಿನಲ್ಲಿ ಎಲ್ಲರೂ ಅವರನ್ನು ಕೇಬಲಣ್ಣ ಎನ್ನುತ್ತಿದ್ದರು. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಮೊದಲು ಅವರು ಕೊಡುತ್ತಿದ್ದದ್ದು ಬರೀ ಟಿವಿ. ಮನೆಗಳ ಮೇಲೆ ಒಂದೊಂದಾಗಿ ಡಿಶ್‌ಗಳು ಬಂದು ಕೂತಾಗ, ಉಳಿದ ವೈರು ಸುಮ್ಮನೆ ಬಿಸಿಲಿಗೆ ಒಣಗುವುದೇಕೆ ಎಂದು ಅದರಲ್ಲೇ ಇಂಟರ್ನೆಟ್ ಕೊಡಲು ಶುರುಮಾಡಿದರು. ಹೀಗಾಗಿ ಊರಿನ ಎಷ್ಟೋ ಮನೆಗಳಲ್ಲಿ ಟಿವಿಗೆ ಡಿಶ್, ಇಂಟರ್ನೆಟ್‌ಗೆ ಕೇಬಲಣ್ಣ. ಏನಾದರೂ ಕೆಟ್ಟರೆ ಡಿಶ್‌ನವರು ಕೇಬಲ್‌ನವರತ್ತ, ಕೇಬಲ್‌ನವರು ಡಿಶ್‌ನವರತ್ತ ಕೈ ತೋರಿಸುವುದು ವಾಡಿಕೆ. ಇವರು ಮಾತ್ರ ಯಾರತ್ತಲೂ ತೋರಿಸದೆ ಮನೆಯನ್ನು ಒಂದು ಸುತ್ತು ಹಾಕುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ತಲೆ ಮೇಲೆತ್ತಿ, ವೈರು ಎಲ್ಲಿಂದ ಬಂತು, ಎಲ್ಲಿ ಗೋಡೆಯೊಳಗೆ ಹೋಯಿತು ಎಂದು ನೋಡುತ್ತ ನಡೆಯುತ್ತಿದ್ದರು. ಒಳಗಿನ ಪೆಟ್ಟಿಗೆಯನ್ನು ಮುಟ್ಟುತ್ತಿದ್ದದ್ದು ಕಡೆಗೆ.

ಗುಡೇಮಾರನಹಳ್ಳಿ ರಸ್ತೆಯ ತೋಟದ ಮನೆಯೊಂದರಲ್ಲಿ ವೈರು ತುಂಡಾಗಿತ್ತು. ಇಲಿ ಕಡಿದಿದೆ ಎಂದು ಮನೆಯ ಯಜಮಾನ ಆಣೆ ಇಡುತ್ತಿದ್ದ. ಕುರಿ ಸಾಕಿದ್ದ ಆತ ಕೇಬಲಣ್ಣನ ಓರಗೆಯವನು. ಕೇಬಲಣ್ಣ ತುಂಡಾದ ಎರಡು ತುದಿಗಳನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಲಿ ಆದ್ರೆ ಗೀರ್ತದೆ ಕಣ್ಲಾ. ಇದು ಜಗ್ದೈತೆ. ಮೊಣಕಾಲೆತ್ರದಲ್ಲಿ ಐತೆ. ನಿನ್ ಟಗರನ್ನ ಎಲ್ಲಿ ಕಟ್ತೀಯ?"

"ನನ್ ಟಗರು ಹುಲ್ಲು ತಿಂತದೆ ಕಣಯ್ಯ, ಇಂಟರ್ನೆಟ್ ತಿನ್ನಾಕಿಲ್ಲ!"

ಟಗರು ಕಟ್ಟುವ ಗೂಟ ವೈರಿನಿಂದ ಒಂದು ಮೊಳ ದೂರದಲ್ಲಿತ್ತು.

ಇದನ್ನು ನಾನು ಕಣ್ಣಾರೆ ನೋಡಿದ್ದೆ. ಆದರೂ ನಮ್ಮ ಮನೆಯ ಸರದಿ ಬಂದಾಗ ನಾನು ಅವರನ್ನು ಕೇಳಲಿಲ್ಲ.

ನಾನು ಪತ್ರಿಕೆಯೊಂದರ ವರದಿಗಾರ. ಮಾಗಡಿ, ಕನಕಪುರ ಎಂದು ಹಗಲು ತಿರುಗಿ, ಸಂಜೆ ಮನೆಯಿಂದ ಸುದ್ದಿ ಕಳಿಸುವುದು ಕೆಲಸ. ಆಗ ಮೂರು ವಾರಗಳಿಂದ ಸುದ್ದಿ ಕಳಿಸುವ ಹೊತ್ತಿಗೆ ಸರಿಯಾಗಿ ಇಂಟರ್ನೆಟ್ ಹೋಗುತ್ತಿತ್ತು. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಕೇಬಲಣ್ಣನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಪಕ್ಕದ ಬೀದಿಯ ಇಬ್ಬರನ್ನು ವಿಚಾರಿಸಿದಾಗ "ಹೂಂ, ನಮ್ದೂ ಹಂಗೇಯ" ಎಂದರು. ಅವರ ತೊಂದರೆ ಸಂಜೆಯದೋ ಬೆಳಗಿನದೋ ಎಂದು ನಾನು ಕೇಳಲಿಲ್ಲ. ಕುದೂರಿನಲ್ಲಿ ಪ್ರತಿ ಸಂಜೆ ಇಂಟರ್ನೆಟ್ ಸ್ಥಗಿತ, ಕೇಬಲ್ ನಿರ್ವಾಹಕರ ನಿರ್ಲಕ್ಷ್ಯ ಎಂದು ಬರೆದೆ. ಅವರು ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ ಎಂದೂ ಸೇರಿಸಿದೆ. ಅವರ ಅಂಗಡಿ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ವರದಿಯಲ್ಲಿ ಹೆಸರಿರಲಿಲ್ಲ, ನಿಜ. ಆದರೆ ಊರಿಗೆ ಇದ್ದದ್ದು ಒಬ್ಬರೇ ಕೇಬಲ್‌ನವರು.

ಅದರ ಪರಿಣಾಮ ನನಗೆ ಆಮೇಲೆ ತಿಳಿಯಿತು, ಇಲ್ಲೇ ಹೇಳಿಬಿಡುತ್ತೇನೆ. ಊರಿನ ಖಾಸಗಿ ಪ್ರೌಢಶಾಲೆ ಅವರ ದೊಡ್ಡ ಗಿರಾಕಿ. ಶಾಲೆಯ ಸಂಪರ್ಕವನ್ನು ನಂಬಿಯೇ ಅವರು ಗುಡೇಮಾರನಹಳ್ಳಿ ರಸ್ತೆಯ ಮನೆಗಳವರೆಗೆ ಲೈನ್ ಎಳೆದಿದ್ದರು. ವರದಿ ಬಂದ ಬುಧವಾರವೇ ಶಾಲೆಯವರು, ಲೈನ್ ಇಟ್ಟುಕೊಳ್ಳಬೇಕೋ ಬಿಡಬೇಕೋ ಸೋಮವಾರ ತೀರ್ಮಾನಿಸುತ್ತೇವೆ ಎಂದು ಅವರಿಗೆ ಹೇಳಿ ಕಳಿಸಿದ್ದರು.

ಮರುದಿನ ಮಧ್ಯಾಹ್ನ ಕೇಬಲಣ್ಣ ನಮ್ಮ ಬಾಗಿಲಲ್ಲಿ ನಿಂತಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ.

"ಪೇಪರ್ ಓದ್ದೆ ಸಾ. ಸಾಯಂಕಾಲ ಹೋಯ್ತದೆ ಅಂತ ಬರ್ದಿದ್ದೀರಿ. ಎಷ್ಟ್ ಗಂಟೆಗೆ ಹೋಯ್ತದೆ?"

ಆ ದನಿಯಲ್ಲಿ ಕುಹಕ ಇರಲಿಲ್ಲ. ಅವರಿಗೆ ನಿಜವಾಗಿ ತಿಳಿಯಬೇಕಾಗಿತ್ತು.

ಡೈರಿ ಕೊಟ್ಟೆ. ಜಗಲಿಯ ಮೇಲೆ ಕೂತು ಪುಟದ ಮೇಲೆ ಬೆರಳಿಟ್ಟು ಓದಿದರು. "ಆರೂವರೆ, ಆರೂವರೆ, ಆರು ಮೂವತ್ತೈದು... ಕರೆಂಟ್‌ನೋರು ಕೂಡ ಇಷ್ಟ್ ಸರಿಯಾಗಿ ತೆಗ್ಯಾಕಿಲ್ಲ ಸಾ." ಆಮೇಲೆ ಒಂದು ಕಡೆ ಬೆರಳು ನಿಂತಿತು. "ಈ ನಾಕ್ ದಿನ ಹೋಗೇ ಇಲ್ವಲ್ಲ?"

ನಾನು ಅದನ್ನು ಬರೆದಿದ್ದೆ, ಗಮನಿಸಿರಲಿಲ್ಲ.

"ಆ ನಾಕ್ ದಿನ ಮನೇಲಿ ಯಾರ್ ಇರ್ಲಿಲ್ಲ?"

ಅಮ್ಮ ಒಳಗಿನಿಂದಲೇ ಉತ್ತರಿಸಿದರು. "ನಾನಪ್ಪ. ಮಗಳ ಮನೇಗೆ ದೊಡ್ಡಮಳೂರಿಗೆ ಹೋಗಿದ್ದೆ. ಯಾಕೆ, ನಾನೇನ್ ನಿನ್ ಇಂಟರ್ನೆಟ್ಟ ಸೆರಗಿಗೆ ಕಟ್ಕೊಂಡ್ ಹೋಗಿದ್ನ?"

"ಅಲ್ಲ ಕಣವ್ವ. ಆರೂವರೆಗೆ ನೀವ್ ಏನ್ ಮಾಡ್ತೀರಿ?"

"ದೀಪ ಹಚ್ತೀನಿ. ಆಮೇಲೆ ಟಿವಿ ಹಾಕ್ತೀನಿ."

"ಈಗ್ ಒಸಿ ಹಾಕಿ."

"ಈಗ ಏನೂ ಬರಲ್ಲ, ಬರೀ ಅಡುಗೆ ತೋರಿಸ್ತಾರೆ."

"ಅಡುಗೇನೇ ಹಾಕಿ ಅವ್ವ, ನೋಡವ."

ಅಮ್ಮ ಟಿವಿ ಹಾಕಿದರು. ಪರದೆಯ ಮೇಲೆ ಒಗ್ಗರಣೆ ಸಿಡಿಯಿತು. ನಿಮಿಷದೊಳಗೆ ಇಂಟರ್ನೆಟ್ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು. ಆರಿಸಿದರೆ ಮತ್ತೆ ಹಸಿರು. ಮೂರು ಸಲ ಹಾಕಿಸಿ, ಮೂರು ಸಲ ಆರಿಸಿದರು. ಮೂರನೆಯ ಸಲಕ್ಕೆ ಅವರ ಮುಖದಲ್ಲಿ ಸಂತೋಷ ಕಂಡಿತು. ತನ್ನ ಹೊಟ್ಟೆಪಾಡಿಗೆ ಪೆಟ್ಟು ಬಿದ್ದ ಮನುಷ್ಯ ಹೀಗೆ ಸಂತೋಷಪಡುವುದು ನನಗೆ ಆಗ ಅರ್ಥವಾಗಲಿಲ್ಲ.

ತಾರಸಿಗೆ ಹೋದೆವು. ಡಿಶ್‌ನಿಂದ ಒಂದು ವೈರು, ಕಂಬದಿಂದ ಒಂದು ವೈರು ಬಂದು ಗೋಡೆಯ ಪೈಪಿನ ಬಾಯಿಯ ಹತ್ತಿರ ಕೂಡಿದ್ದವು. ಅಲ್ಲಿ ಕವಲಿನಂಥ ಸಣ್ಣ ಲೋಹದ ತುಂಡು, ಅದರ ಮೇಲೆ ಸುತ್ತಿದ ಟೇಪು. "ಎರಡು ಬತ್ತವೆ ಸಾ, ಒಂದೇ ಇಳೀತದೆ," ಎಂದರು. ಕೆಳಗೆ ಟಿವಿಯ ಹಿಂದೆ ಇನ್ನೊಂದು ಕವಲು. ಅಲ್ಲಿ ಆ ಒಂದು ವೈರು ಮತ್ತೆ ಎರಡಾಗಿ, ಒಂದು ಟಿವಿ ಪೆಟ್ಟಿಗೆಗೆ, ಒಂದು ಇಂಟರ್ನೆಟ್ ಪೆಟ್ಟಿಗೆಗೆ ಹೋಗಿತ್ತು.

"ಡಿಶ್‌ಗೆ ಕರೆಂಟ್ ಬೇಕು. ಅದು ಆಕಾಶದಿಂದ ಬರಾಕಿಲ್ಲ. ಟಿವಿ ಪೆಟ್ಗೇನೇ ವೈರಿನಲ್ಲಿ ಕೆಳಗಿಂದ ಒಸಿ ಕರೆಂಟ್ ಮೇಲಕ್ ಕಳಿಸ್ತದೆ. ಬೇರೆ ವೈರ್ ಇದ್ರೆ ಅದ್ರ ಪಾಡ್ಗೆ ಅದು. ಇಲ್ಲಿ ಎರಡ್ನೂ ಸೇರ್ಸ್‌ಬುಟ್ಟವ್ರೆ. ಟಿವಿ ಹಾಕಿದ್ ತಕ್ಷಣ ಆ ಕರೆಂಟ್ ನನ್ ಲೈನಿಗೂ ನುಗ್ತದೆ, ಇಂಟರ್ನೆಟ್ ನಿಂತೋಯ್ತದೆ. ಯಾರ್ ಸೇರ್ಸಿದ್ದು ಸಾ ಇದ್ನ?"

ಡಿಶ್‌ನವರೇ ಇರಬೇಕು ಎಂದೆ. ಕೆಳಗಿಳಿದಾಗ ಅಮ್ಮ ನೆನಪಿಸಿದರು. "ಗೌರಿ ಹಬ್ಬಕ್ಕೆ ಬಣ್ಣ ಹೊಡ್ಸಿದಾಗ ನೀನೇ ಅಲ್ವೇನಪ್ಪ, ಹೊಸ ಗೋಡೆ ಮೇಲೆ ವೈರ್ ಕಾಣಬಾರ್ದು ಅಂದಿದ್ದು? ಪೈಪಲ್ಲಿ ಒಂದೇ ಹೋಗೋದು ಅಂತ ಆ ಬಣ್ಣದೋನು ಅಂದ. ಹೆಂಗಾದ್ರೂ ಮಾಡು ಅಂದೋನೂ ನೀನೇ."

ಹಬ್ಬ ಕಳೆದು ಆಗ ಮೂರು ವಾರವಾಗಿತ್ತು.

ಕೇಬಲಣ್ಣ ನನ್ನ ಮುಖ ನೋಡಲಿಲ್ಲ. ಬೇರೆ ವೈರು ತಂದು, ಹೊಸ ಬಣ್ಣದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಕ್ಲಿಪ್ ಹೊಡೆದು ಇಳಿಸಿದರು. ಕವಲುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಅವರ ಬಾಮೈದ ಚನ್ನಪಟ್ಟಣದಲ್ಲಿ ಬೊಂಬೆ ಕೆಲಸದವನು. ಅವನು ಕೊಟ್ಟ ಅರಗಿನ ತುಂಡುಗಳು ಅವರ ಚೀಲದಲ್ಲಿರುತ್ತಿದ್ದವು. ಕಡ್ಡಿ ಗೀರಿ ಅರಗು ಕರಗಿಸಿ, ತಮ್ಮ ವೈರಿನ ತುದಿಗೆ ಹಳದಿ, ಡಿಶ್‌ನ ವೈರಿಗೆ ಕೆಂಪು ಬೊಟ್ಟು ಇಟ್ಟರು. ಡಿಶ್‌ನವರ ವೈರಿಗೂ ನೀವೇ ಗುರುತು ಹಾಕುತ್ತೀರಲ್ಲ ಎಂದೆ. "ನಾಳೆ ಅವ್ರ್ ಹುಡುಕ್ವಾಗ ನನ್ದನ್ನ ಕೀಳ್ಬಾರ್ದಲ್ಲ ಸಾ."

ಸೋಮವಾರದ ವಿಷಯ ಆಗಲೂ ಅವರು ಹೇಳಲಿಲ್ಲ. ಅವರು ಹೋದ ಮೇಲೆ ಅಮ್ಮ ಹೇಳಿದರು. ಅಮ್ಮನಿಗೆ ಅದು ಹೂ ಮಾರುವವಳಿಂದ ತಿಳಿದಿತ್ತು.

ಅಂದು ಸಂಜೆಯೇ ತಿದ್ದುಪಡಿ ಬರೆದು ಕಳಿಸಿದೆ. ದೋಷ ಕೇಬಲ್ ಲೈನಿನದಲ್ಲ, ವರದಿಗಾರನ ಮನೆಯೊಳಗಿನ ಜೋಡಣೆಯದು. ವರದಿಗೆ ಮುನ್ನ ನಿರ್ವಾಹಕರನ್ನು ಸರಿಯಾಗಿ ಸಂಪರ್ಕಿಸಿರಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೆ. ಶನಿವಾರ ಒಳಪುಟದಲ್ಲಿ ಮೂರು ಸಾಲು ಬಂತು: ಕುದೂರಿನ ಇಂಟರ್ನೆಟ್ ಸಮಸ್ಯೆಗೆ ತಾಂತ್ರಿಕ ಕಾರಣವಿದ್ದು, ಈಗ ಸರಿಪಡಿಸಲಾಗಿದೆ. ಫೋನ್ ಮಾಡಿದಾಗ ಪತ್ರಿಕೆಯ ಡೆಸ್ಕಿನವರು, ವರದಿಗಾರನ ಮನೆಯ ಗೋಡೆ ಓದುಗರಿಗೆ ಯಾಕೆ ಬೇಕು ಎಂದರು.

ಆ ಮೂರು ಸಾಲು ಹಿಡಿದು ಶಾಲೆಗೆ ಹೋದೆ. ಮುಖ್ಯ ಶಿಕ್ಷಕರು ಓದಿ ಕನ್ನಡಕ ತೆಗೆದರು. "ಸಮಸ್ಯೆ ಇತ್ತು ಅಂತಾನೇ ಇದೆಯಲ್ಲ ಸಾರ್ ಇದರಲ್ಲೂ?" ಎಂದರು. ನಡೆದದ್ದನ್ನು ಬಾಯಲ್ಲಿ ವಿವರಿಸಿದೆ. ಸಮಾಧಾನದಿಂದ ಕೇಳಿಸಿಕೊಂಡರು. ಸೋಮವಾರ ಆಡಳಿತ ಮಂಡಳಿ ಹೊರಗಿನ ಕಂಪನಿಯೊಂದರ ಲೈನ್ ತೆಗೆದುಕೊಂಡಿತು.

ತಿಂಗಳೊಳಗೆ ಗುಡೇಮಾರನಹಳ್ಳಿ ರಸ್ತೆಯ ಲೈನನ್ನು ಕೇಬಲಣ್ಣ ತಾವೇ ಕಂಬದಿಂದ ಕಂಬಕ್ಕೆ ಬಿಚ್ಚಿ ಸುತ್ತಿಕೊಂಡು ಬಂದರು. ನಾನು ಅವರ ಅಂಗಡಿಗೆ ಹೋಗಿ, ತಪ್ಪು ನನ್ನದು ಎಂದೆ. ಅವರು ಸುತ್ತಿ ತಂದ ವೈರನ್ನು ಮೂಲೆಗೆ ಸರಿಸಿದರು.

"ತಪ್ಪೇಯ ಸಾ. ಇಲ್ಲ ಅಂತ ಯಾಕ್ ಹೇಳ್ಲಿ? ನಾನ್ ಕಂಬದ್ ಮೇಲಿದ್ರೆ ಫೋನ್ ಎತ್ತಾಕಿಲ್ಲ. ಕೆಳಗ್ ಬಂದ್ ನಿಂತ್ಕಂಡು ಕೂಗಿದ್ರೆ ಆಯ್ತಿತ್ತು."

ಅಷ್ಟು ಹೇಳಿ ಟೀ ತರಿಸಿದರು. ಟೀ ಕುಡಿಯುತ್ತ, ಹೊಸಬರು ಶಾಲೆಗೆ ಗಾಜಿನ ಎಳೆಯ ಲೈನ್ ಹಾಕಿದ್ದಾರೆ, ಕೂದಲಷ್ಟು ಸಣ್ಣದರಲ್ಲಿ ಅಷ್ಟೆಲ್ಲ ಹೆಂಗೆ ಹೋಗುತ್ತದೆ, ಹೋಗಿ ನೋಡಿಬಂದೆ ಎಂದು ಕಣ್ಣರಳಿಸಿದರು.

ಅಂದಿನಿಂದ ಯಾರ ಮೇಲಾದರೂ ದೂರು ಬರೆಯುವ ಮುನ್ನ ಅವರ ಬಾಗಿಲಿಗೆ ಹೋಗುತ್ತೇನೆ. ಇದರಿಂದ ಕೆಲವು ಸುದ್ದಿಗಳು ಒಂದು ದಿನ ತಡವಾಗಿವೆ, ಕೆಲವು ಸುದ್ದಿಯೇ ಆಗದೆ ಉಳಿದಿವೆ.

ಕಳೆದ ವರ್ಷ ಕೇಬಲಣ್ಣ ಎದೆನೋವಿನಿಂದ ತೀರಿಕೊಂಡರು. ನಿಧನ ವಾರ್ತೆ ನಾನೇ ಬರೆದೆ: ಊರಿಗೆ ಮೊದಲು ಕೇಬಲ್ ತಂದವರು, ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಕೊನೆಯಲ್ಲಿ, ಅವರ ಕೆಲಸದ ಬಗ್ಗೆ ಈ ಪತ್ರಿಕೆಯಲ್ಲಿ ಹಿಂದೆ ಬಂದಿದ್ದ ವರದಿ ತಪ್ಪಾಗಿತ್ತು ಎಂದು ಒಂದು ವಾಕ್ಯ ಸೇರಿಸಿದ್ದೆ. ಜಾಗ ಸಾಲದೆ ಅದನ್ನು ತೆಗೆದರು. ಆ ವರದಿ ತಪ್ಪಾಗಿತ್ತು. ದೋಷ ನನ್ನ ಮನೆಯ ಗೋಡೆಯೊಳಗಿತ್ತು.