ಉಪ್ಪಿನ ಕೂಗು

ಸತ್ತವರ ದನಿ ಕೇಳಿತೆಂದು ಹೇಳುವವರಿಗೆ ಕ್ವಿನೈನ್ ಕುಡಿಸಬೇಕು ಎಂದು ಗೆಳೆಯರ ನಡುವೆ ವಾದಿಸುತ್ತಿದ್ದವನು ನಾನು. ಬದುಕಿರುವವರ ದನಿ ಅವರಿಲ್ಲದ ಕಡೆ ಕೇಳಿದರೆ ಏನು ಕುಡಿಸಬೇಕೆಂದು ಯೋಚಿಸಿರಲಿಲ್ಲ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಎರಡು ಕೆಲಸ ಬಿಟ್ಟು, ಮದ್ರಾಸ್ ಕಡೆಯ ಒಂದು ಕಾರ್ಖಾನೆ ಸೇರಿದ್ದೆ. ಸಮುದ್ರದಂಡೆಯಲ್ಲಿ ಬಿಸಿಲಿಗೆ ಒಣಗಿಸಿದ ಉಪ್ಪು ವ್ಯಾಗನ್ನುಗಳಲ್ಲಿ ಬರುತ್ತಿತ್ತು. ಅದನ್ನು ನೀರಿನಲ್ಲಿ ಕರಗಿಸಿ, ವಿದ್ಯುತ್ ಹಾಯಿಸಿ ಕ್ಲೋರಿನ್ ತೆಗೆದು, ಆ ಅನಿಲವನ್ನು ಸುಣ್ಣಕ್ಕೆ ಕುಡಿಸಿ, ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪುಡಿ ಮಾಡುತ್ತಿದ್ದೆವು. ಎಷ್ಟು ಮಿಂದರೂ ಅದರ ವಾಸನೆ ಮೈ ಬಿಡುತ್ತಿರಲಿಲ್ಲ.

ಕೊಡಗಿನ ತಿತಿಮತಿಯಲ್ಲಿದ್ದ ಸೋದರಮಾವನಿಗೆ ಲಕ್ವ ಹೊಡೆದಿದೆ ಎಂದು ತಿಳಿದು ರಜೆ ಹಾಕಿ ಓಡಿದೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು ಅವರು. ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಆದರೂ ವೈದ್ಯರು ಹೆದರಿದ್ದು ಅದಕ್ಕಲ್ಲ. ಮಾವ ಅನ್ನಾಹಾರ ಬಿಟ್ಟಿದ್ದರು. ಗಂಜಿಯ ಲೋಟ ತಂದರೆ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು.

"ಕೆಂಪಿ ಬರಗಂಟ ಅವ್ರು ಬಾಯ್ ಬಿಡಕಿಲ್ಲ ಕಣಪ್ಪ," ಎಂದರು ಅತ್ತೆ.

ಆ ಕಡೆ ದನಗಳನ್ನು ಕಾಡಿಗೆ ಬಿಟ್ಟುಬಿಡುವುದು ವಾಡಿಕೆ. ಆಗಾಗ ಕಾಡಂಚಿನ ಚಪ್ಪಟೆ ಬಂಡೆಯ ಮೇಲೆ ಉಪ್ಪು ಹರಡಿ ಕೂಗಿದರೆ ಅವು ಎಲ್ಲಿದ್ದರೂ ಬರುತ್ತವೆ. ಒಬ್ಬೊಬ್ಬರ ದನಕ್ಕೆ ಒಬ್ಬೊಬ್ಬರ ಕೂಗು. ಮಾವನ ಕೂಗು ಉದ್ದಕ್ಕೆ ಏರಿ ಕೊನೆಗೆ ಬಿದಿರು ಸೀಳಿದಂತೆ ಒಡೆಯುತ್ತಿತ್ತು. ಮಾವ ಮಲಗಿದ ಮೇಲೆ ಉಳಿದ ದನಗಳು ತಾವಾಗಿ ಬಂದಿದ್ದವು, ಅವರ ಮುದ್ದಿನ ಹಸು, ತುಂಬು ಗಬ್ಬದ ಕೆಂಪಿ ಮಾತ್ರ ಬಂದಿರಲಿಲ್ಲ. ಪಕ್ಕದ ಮನೆಯ ಕರುವನ್ನು ಹುಲಿ ಹೊತ್ತೊಯ್ದದ್ದು ಆ ವಾರವೇ.

ಅತ್ತೆ ನನ್ನ ಮಡಿಲಿಗೆ ಕಲ್ಲುಪ್ಪಿನ ಗಂಟು ಹಾಕಿದರು. "ಉಪ್ಪಿಗೆ ವಾಸನೆಯೇ ಇಲ್ಲ ಅತ್ತೆ, ದನಕ್ಕೆ ಹೇಗೆ ಗೊತ್ತಾಗುತ್ತೆ?" ಎಂದೆ.

"ಉಪ್ಪಿಗಿಲ್ದಿದ್ರೆ ಏನಂತೆ, ನಿಂಗದೆಯಲ್ಲ! ಮೈ ತೊಳ್ಕಂಡಾದ್ರೂ ಹೋಗು. ನಿನ್ ನಾತಕ್ಕೆ ಹುಲೀನೂ ಓಡೋದದು."

ಬಿಸಿಲಿಳಿಯುವ ಹೊತ್ತಿಗೆ ಬಂಡೆ ತಲುಪಿ ಉಪ್ಪು ಹರಡಿ ಕೂಗಿದೆ. ನನ್ನ ಕೂಗಿಗೆ ನನಗೇ ನಗು ಬಂತು. ಬಹಳ ಹೊತ್ತಿನ ಮೇಲೆ ಬಿದಿರು ಮೆಳೆ ಅಲುಗಿತು. ಕೆಂಪಿಯೇ. ಕೆಚ್ಚಲು ಬಿಗಿದಿತ್ತು. ಎರಡು ಹೆಜ್ಜೆ ಮುಂದೆ ಹೋದೆ. ಅದು ಮೂಗರಳಿಸಿ ಬುಸುಗುಟ್ಟಿ ಹಿಂದೆ ಸರಿಯಿತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕಾಡಿಗೆ ಮರಳುತ್ತಿತ್ತು. ಅಲ್ಲಿ ಕರು ಹಾಕಿದರೆ ತಾಯಿಯೂ ಉಳಿಯುವಂತಿರಲಿಲ್ಲ. ಮಾವನ ಗೋಡೆ ಕಡೆಯ ಮುಖ ನೆನಪಾಗಿ ಇದ್ದಲ್ಲೇ ನಿಂತೆ.

ಆಗ ನನ್ನ ಬೆನ್ನ ಹಿಂದಿನಿಂದ ಮಾವನ ಕೂಗು ಕೇಳಿತು. ಅದೇ ಏರು, ಅದೇ ಒಡಕು. ಕೂಗು ಮುಗಿಯುತ್ತಲೇ, "ಎದುರ್ಗೆ ನಿಲ್ಬ್ಯಾಡ ಕಣ್ಲಾ, ಕುಂತ್ಕೊ."

ತಿರುಗಿ ನೋಡಲಿಲ್ಲ. ಬಾಲ್ಯದಲ್ಲಿ ಅವರ ಮಾತು ಕೇಳುತ್ತಿದ್ದಂತೆಯೇ ಕೇಳಿ, ಕೂತೆ. ಕೆಂಪಿ ನಿಧಾನವಾಗಿ ಬಂದು ಬಂಡೆಯನ್ನು ನೆಕ್ಕಿತು, ಉಪ್ಪು ಮುಗಿದ ಮೇಲೆ ನನ್ನ ಅಂಗೈಯನ್ನೂ ನೆಕ್ಕಿತು. ಆಮೇಲೆ ತಿರುಗಿದರೆ ಹಿಂದೆ ಬರಿಯ ಕಾಲುದಾರಿ.

ಕೆಂಪಿ ಮುಂದೆ, ನಾನು ಹಿಂದೆ ಮನೆ ಸೇರಿದೆವು. ಮಾವ ಚಾಪೆಯ ಮೇಲೆ ಇದ್ದಂತೆಯೇ ಇದ್ದರು. ಕೆಂಪಿ ಅಂಬಾ ಎಂದಿತು. ಅವರು ಈ ಕಡೆ ಮುಖ ತಿರುಗಿಸಿ, ಅರ್ಧ ಬಾಯಲ್ಲಿ ನಕ್ಕು, ಎಡಗೈಯಿಂದ ನೆಲವನ್ನು ಮೆಲ್ಲಗೆ ತಟ್ಟಿ ನನಗೆ ಕೂರುವಂತೆ ಸನ್ನೆ ಮಾಡಿದರು. ಮನೆಗೆ ಬಂದವನನ್ನು ಯಾರಾದರೂ ಹಾಗೆ ಕರೆಯುತ್ತಾರೆ ಎಂದು ಅಂದೂ ಹೇಳಿಕೊಂಡೆ, ಈಗಲೂ ಹೇಳಿಕೊಳ್ಳುತ್ತೇನೆ.

ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಕಾಜಾಣ ಹಕ್ಕಿ ಕೇಳಿದ ಕೂಗನ್ನೆಲ್ಲ ಅಣಕಿಸುತ್ತದೆ. ಅದೇ ಇರಬೇಕು, ಮಾತನ್ನು ನಾನೇ ಸೇರಿಸಿಕೊಂಡಿರಬೇಕು ಎಂದು ವರ್ಷಗಟ್ಟಲೆ ಸಮಾಧಾನ ಮಾಡಿಕೊಂಡೆ. ಮಾವ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ ಅತ್ತೆಯ ಹತ್ತಿರ ಬಾಯಿಬಿಟ್ಟೆ. ಅವರು ಸೆರಗು ಬಾಯಿಗೊತ್ತಿ ನಕ್ಕರು.

"ಯಾವ್ ಹಕ್ಕಿಲಾ? ನೀನೇ ಅಲ್ವಾ ಕೂಗಿದ್ದು, ಥೇಟ್ ಅವ್ರಂಗೆ? ಮನೆಗಂಟ ಕೇಳಿಸ್ತು. ಅವ್ರೂ ಕಿವಿ ಕೊಟ್ಟಿದ್ರು."

ನನ್ನ ಗಂಟಲಿನಿಂದಲೇ ಬಂದಿದ್ದರೆ ನನಗದು ಬೆನ್ನ ಹಿಂದೆ ಕೇಳಿಸಿದ್ದು ಹೇಗೆ? ಒಬ್ಬನೇ ಇದ್ದಾಗ ಎಷ್ಟೋ ಸಲ ಹಾಗೆ ಕೂಗಲು ನೋಡಿದ್ದೇನೆ. ಆ ಒಡಕು ಬರುವುದಿಲ್ಲ. ಅತ್ತೆಯ ನೆನಪು ಸರಿಯೋ ನನ್ನದೋ ಗೊತ್ತಿಲ್ಲ. ಅಂದು ರಾತ್ರಿ ಮಾವ ಎರಡು ಲೋಟ ಗಂಜಿ ಕುಡಿದರು. ನಮ್ಮಿಬ್ಬರಿಗೂ ಒಂದೇ ರೀತಿ ನೆನಪಿರುವುದು ಅದೊಂದೇ.