ರೋಮಿನ ಹಣತೆಗೆ ನಾನೆರೆದ ಎಣ್ಣೆ

ರಂಜನಿ, ನಿನ್ನ ಪ್ರಬಂಧಕ್ಕೆ ಆಧಾರವಾದ ಎಳ್ಳೆಣ್ಣೆ ರೋಮನ್ನರದ್ದಲ್ಲ — ನನ್ನದು. ಇಲ್ಲೇ ಪಕ್ಕದೂರು ಲಿವೋನಿಯಾದ ಇಂಡಿಯನ್ ಅಂಗಡಿಯಲ್ಲಿ ಕೊಂಡದ್ದು.

ಡೆಟ್ರಾಯ್ಟ್ ಬಳಿಯ ನಮ್ಮ ಮ್ಯೂಸಿಯಂಗೆ ನೀನಿನ್ನೂ ಸೇರಿರಲಿಲ್ಲ. ಅಂದು ನರಕ ಚತುರ್ದಶಿ ಎಂದೇ ನನ್ನ ನೆನಪು. ಈಗ ಪಂಚಾಂಗದೊಂದಿಗೆ ತಾಳೆ ನೋಡಿದೆ — ಅಮಾವಾಸ್ಯೆ. ಸಂಗ್ರಹದ ಕೋಣೆಯ ಮೇಜಿನ ಮೇಲೆ ರೋಮಿನ ಸಾಮಾನ್ಯರ ಮನೆಸಾಮಾನುಗಳನ್ನು ಹರಡಿಕೊಂಡು ಕುಳಿತಿದ್ದೆ: ಮೂಳೆಯ ಸೂಜಿ, ಗಾಜಿನ ಅತ್ತರು ಶೀಶೆ, ಯಾವುದೋ ಮಗುವಿನ ಮಣ್ಣಿನ ಕುದುರೆ — ಮತ್ತು ಅಂಗೈಯಗಲದ ಆ ಹಣತೆ, ಕ್ರಿ.ಶ. ಎರಡನೆಯ ಶತಮಾನದ್ದು. ಅದರ ಅಡಿಯಲ್ಲಿ ಕುಂಬಾರನ ಹೆಬ್ಬೆರಳಿನ ಗುರುತಿತ್ತು. ನನ್ನ ಹೆಬ್ಬೆರಳನ್ನಿಟ್ಟು ನೋಡಿದೆ. ಸರಿಯಾಗಿ ಕೂತಿತು.

ಮನೆಯ ದೀಪಕ್ಕೆಂದು ಕೊಂಡ ಎಣ್ಣೆ ಚೀಲದಲ್ಲಿತ್ತು. ಪ್ಯಾಕಿಂಗಿನ ಹತ್ತಿಯನ್ನು ಬತ್ತಿಯಾಗಿ ಹೊಸೆದೆ. ಯೋಚಿಸದೆ ಮಾಡಿದೆ ಎಂದರೆ ಸುಳ್ಳಾದೀತು — ಬಾಗಿಲ ಚಿಲಕ ಹಾಕಿದ್ದೆ.

ಕೋಣೆಯ ಲೈಟು ಆರಿಸಿ ಹಚ್ಚಿದೆ. ಜ್ವಾಲೆ ಒಮ್ಮೆ ನಡುಗಿ ನೆಟ್ಟಗೆ ನಿಂತಿತು. ಹಣತೆಯ ಮೇಲಿನ ಸವೆದ ಮೊಲ, ಟ್ಯೂಬ್‌ಲೈಟಿನಲ್ಲಿ ಬರೀ ಉಬ್ಬಿನಂತೆ ಕಾಣುತ್ತಿದ್ದದ್ದು, ಓಡತೊಡಗಿತು — ನಿಜಕ್ಕೂ, ಕಿವಿ ಹಿಂದಕ್ಕೆ ಮಡಿಸಿಕೊಂಡು... ಅದನ್ನು ರೂಪಿಸಿದವನು ಆ ಹಣತೆಯದೇ ಬೆಳಕಿಗೆಂದು ರೂಪಿಸಿದ್ದ. ವೃತ್ತಿಯುದ್ದಕ್ಕೂ ಓದಿದ ಯಾವ ಗ್ರಂಥವೂ ನನಗಿದನ್ನು ಹೇಳಿರಲಿಲ್ಲ. ನೋಡುತ್ತಲೇ ಇದ್ದೆ.

ಬಳಿಕ ಆರಿಸಿದೆ, ಒರೆಸಿದೆ. ಮಣ್ಣು ಅಷ್ಟರಲ್ಲಿ ಎಣ್ಣೆ ಕುಡಿದಿತ್ತು.

ಎರಡು ವರ್ಷಗಳ ಮೇಲೆ, ಅದೇ ಹಣತೆಯ ಮೂತಿಯ ಮಸಿಯನ್ನು ಪರೀಕ್ಷಿಸಿ ನೀನು ನನ್ನ ಕೋಣೆಗೆ ಓಡಿಬಂದೆ.

"ಅಂಕಲ್, ಎಲ್ಲರೂ ಬರೆದಿರೋ ಹಾಗೆ ಆಲಿವ್ ಎಣ್ಣೆ ಅಲ್ಲ, ಎಳ್ಳೆಣ್ಣೆ! ರೋಮಲ್ಲಿ! ಅಮ್ಮಂಗೆ ಹೇಳಿದ್ರೆ, 'ದೀಪಕ್ಕೆ ಮತ್ತಿನ್ನೇನು ಹಾಕ್ತಾರೆ?' ಅಂತಾಳೆ." ನಕ್ಕವಳು ತಟ್ಟನೆ ಗಂಭೀರಳಾದೆ. "ಬಟ್ ಐ ಹ್ಯಾವ್ ಟು ಆಸ್ಕ್. ಇಲ್ಲಿಗೆ ಬಂದ್ಮೇಲೆ ಯಾರಾದ್ರೂ ಇದನ್ನ ಹಚ್ಚಿದ್ರಾ?"

"ಮ್ಯೂಸಿಯಂನಲ್ಲಿ ಯಾರಮ್ಮ ದೀಪ ಹಚ್ತಾರೆ?" ಎಂದೆ.

ಅದನ್ನೇ ನೀನು ಉತ್ತರವೆಂದುಕೊಂಡೆ. ಹಾಗೆ ತಿಳಿಯಲೆಂದೇ ಹಾಗೆ ಹೇಳಿದ್ದೆ. ನಿನ್ನ ಕರಡಿನ ಒಂದೊಂದು ಇಸವಿಯನ್ನೂ ಆಕರಗಳೊಂದಿಗೆ ಹೋಲಿಸಿ ತಿದ್ದಿಕೊಟ್ಟೆ. ಆ ಒಂದು ಸಂಜೆಯನ್ನು ಮಾತ್ರ... ಪ್ರಬಂಧದ ಕೊನೆಯಲ್ಲಿ ನೀನು ನನಗೆ ಕೃತಜ್ಞತೆ ಹೇಳಿದ್ದೀಯೆ. ಆ ಸಾಲನ್ನು ಇಂದಿಗೂ ಪೂರ್ತಿ ಓದಲಾಗಿಲ್ಲ.

ಶನಿವಾರ ಶಿಕಾಗೋದ ಸಮ್ಮೇಳನದಲ್ಲಿ ನೀನು ಅದನ್ನೇ ಮಂಡಿಸಲಿದ್ದೀಯೆ. ನಿನ್ನ ಕೆಲಸ ಕಾಯಂ ಆಗುವುದೂ ಅದನ್ನೇ ನೆಚ್ಚಿದೆ ಎಂದು ಬಲ್ಲೆ. ನಿನಗೆ ಮೊದಲು ಹೇಳುತ್ತಿದ್ದೇನೆ. ನಾಳೆ ಮ್ಯೂಸಿಯಂನ ನಿರ್ದೇಶಕರಿಗೆ, ಪ್ರಬಂಧ ಅಚ್ಚು ಮಾಡಿದ ಪತ್ರಿಕೆಯ ಸಂಪಾದಕರಿಗೆ ಹೇಳುತ್ತೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ.

ಶನಿವಾರ ನಾನೂ ಆ ಸಭೆಯಲ್ಲಿರುತ್ತೇನೆ. ಅಂದಿನ ನಿನ್ನ ಪ್ರಶ್ನೆಯನ್ನೇ ಎಲ್ಲರೆದುರು ಮತ್ತೊಮ್ಮೆ ಕೇಳು. ಎದ್ದು ನಿಂತು ಹೇಳುತ್ತೇನೆ — ನಾನು ಹಚ್ಚಿದ್ದೆ.